ಎರಡನೆಯ ಸ್ಕ್ರೀನು

ಸವಣೂರಿನ ಸುತ್ತಮುತ್ತ ಯಾರದಾದರೂ ಮದುವೆಯ ವಿಡಿಯೋದಲ್ಲಿ ಮದುಮಗನನ್ನು ಆಕಾಶದಿಂದ ತೋರಿಸಿದ್ದರೆ ಅದು ಜಾಹೀದನ ಕೆಲಸ ಎಂದು ತಿಳಿಯಬೇಕು. ಪೂರ್ತಿ ಅವನದೂ ಅಲ್ಲ. ಅವನ ಡ್ರೋನು ಇಬ್ಬರು ನಡೆಸುವಂಥದ್ದು. ಒಬ್ಬರು ಹಾರಿಸಬೇಕು, ಇನ್ನೊಬ್ಬರು ಅದರ ಹೊಟ್ಟೆಯ ಕೆಳಗಿನ ಕ್ಯಾಮೆರಾ ತಿರುಗಿಸಬೇಕು. ಹಾರಿಸುವುದು ಜಾಹೀದ, ಕ್ಯಾಮೆರಾ ಅವನ ತಂಗಿ ಶಾಕೀರಾಳದು. ಗಂಡಸರ ಗದ್ದಲದಲ್ಲಿ ನಿಲ್ಲಲು ಅವಳು ಸುತರಾಂ ಒಪ್ಪಿರಲಿಲ್ಲ. ಓಮ್ನಿ ಗಾಡಿಯ ಹಿಂದಿನ ಸೀಟಿನಲ್ಲಿ, ಕಿಟಕಿಗೆ ಬಟ್ಟೆ ಕಟ್ಟಿಕೊಂಡು, ಸ್ಕ್ರೀನಿನ ಮುಂದೆ ಕೂರುತ್ತಿದ್ದಳು. ಇಬ್ಬರ ಕಿವಿಯಲ್ಲೂ ಫೋನಿತ್ತು, ಆದರೆ ಮಾತು ಬೇಕಾಗುತ್ತಿರಲಿಲ್ಲ. ಅವನು ಡ್ರೋನನ್ನು ಓರೆ ಮಾಡುವಷ್ಟರಲ್ಲಿ ಅವಳು ಕ್ಯಾಮೆರಾ ತಿರುಗಿಸಿಯೇ ಬಿಟ್ಟಿರುತ್ತಿದ್ದಳು.

ಹೋದ ವರ್ಷ ಶಾಕೀರಾ ಮದುವೆಯಾಗಿ ಹಿರೇಕೆರೂರಿಗೆ ಹೋದಳು. ಗಂಡ ರಫೀಕ ಗೋವಿನಜೋಳದ ವ್ಯಾಪಾರಿ, ಒಳ್ಳೆಯ ಮನುಷ್ಯ. ಸಿಟ್ಟಾಗಲು ಒಂದು ನೆಪ ಸಿಕ್ಕಿದ್ದರೂ ಜಾಹೀದನಿಗೆ ಹಗುರಾಗುತ್ತಿತ್ತು. ತಂದೆತಾಯಿ ಇಲ್ಲದ ಮನೆ. ತಂಗಿಯನ್ನು ದಡ ಮುಟ್ಟಿಸುವವರೆಗೆ ತನಗೆ ಲಗ್ನ ಬೇಡವೆಂದು ಕೂತವನು, ಈಗ ಒಬ್ಬನೇ ಉಣ್ಣುವಾಗಲೂ ಇಬ್ಬರ ಅಕ್ಕಿ ತೊಳೆಯುತ್ತಿದ್ದ.

ಕ್ಯಾಮೆರಾವನ್ನು ಒಂದೇ ಕೋನಕ್ಕೆ ನಿಲ್ಲಿಸಿ ಒಬ್ಬನೇ ಹೇಗೋ ಕೆಲಸ ಸಾಗಿಸುತ್ತಿದ್ದ. ಹುಲಗೂರಿನ ಒಂದು ಮದುವೆಯಲ್ಲಿ, ಡ್ರೋನಿನಿಂದ ಕೆಳಕ್ಕೆ ಚಿತ್ರ ತರುವ ಹಳೆಯ ಸೆಟ್ಟು ಕೈಕೊಟ್ಟಿತು. ಹೊಸದನ್ನು ತರಲು ಹುಬ್ಬಳ್ಳಿಗೆ ಹೋದ. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದಕ್ಕೆ ಒಂದೇ ಸ್ಕ್ರೀನು. ಕ್ಯಾಮೆರಾದ ಗುಂಡಿಗಳೂ ಹಾರಿಸುವವನ ಕೈಯಲ್ಲೇ. ಇನ್ನೊಂದಕ್ಕೆ ಎರಡು ಸ್ಕ್ರೀನು, ಗೋಡೆ ದಾಟಿಯೂ ಚಿತ್ರ ಹೋಗುತ್ತದಂತೆ. ಈಗ ಎಲ್ಲರೂ ಒಂಟಿಯಾಗಿಯೇ ಹಾರಿಸುತ್ತಾರೆ, ನಿಮ್ಮ ಎರಡನೆಯವರು ಯಾರು ಎಂದು ಅವನು ಕೇಳಿದ.

"ಅದಾರ," ಎಂದ ಜಾಹೀದ.

ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಕಿವಿ ಕೆಂಪಾಯಿತು. ಒಂದು ಸ್ಕ್ರೀನಿನದು ಕೊಂಡರೆ ಶಾಕೀರಾ ಇನ್ನು ಗಾಡಿ ಹತ್ತುವುದಿಲ್ಲವೆಂದು ತಾನೇ ಒಪ್ಪಿದಂತೆ. ಅದೊಂದೇ ಅವನಿಗೆ ಆಗದು. ಮೀನಮೇಷ ಎಣಿಸುವುದನ್ನು ನೋಡಿ ಬೇಸತ್ತ ಅಂಗಡಿಯವನು, ಹಳೆಯ ಗಿರಾಕಿಯೆಂದು ಎರಡು ಸ್ಕ್ರೀನಿನ ಸೆಟ್ಟನ್ನು ಪರೀಕ್ಷೆಗೆ ಕೊಟ್ಟು ಕಳಿಸಿದ.

ಪರೀಕ್ಷೆಯೋ, ಅದೊಂದು ನಗೆಪಾಟಲು. ಎರಡನೆಯ ಸ್ಕ್ರೀನನ್ನು ಗಾಡಿಯಲ್ಲಿಟ್ಟು, ಸವಣೂರಿನ ಆನೆಗಾತ್ರದ ದೊಡ್ಡಹುಣಸೆ ಮರಗಳ ಹಿಂದೆ ಡ್ರೋನು ಹಾರಿಸಿದ. ಮರದ ಮರೆಯಲ್ಲಿ ಗಾಡಿಯೊಳಗಿನ ಚಿತ್ರ ಒಡೆಯಿತೋ ಇಲ್ಲವೋ, ಹೇಳುವವರು ಯಾರು? ಇಳಿಸಿ ಓಡಿ ಬಂದು ನೋಡಿದರೆ ಸ್ಕ್ರೀನಿನಲ್ಲಿ ನೆಲದ ಹುಲ್ಲು ನಿಚ್ಚಳವಾಗಿ ಕಾಣುತ್ತಿತ್ತು. ಮತ್ತೆ ಹಾರಿಸಿದ, ಮತ್ತೆ ಓಡಿದ. ಕೊನೆಗೆ ಆ ಖಾಲಿ ಸೀಟಿನ ಪಕ್ಕ ಕೂತಾಗ ಅಳುವೇ ಬಂತು.

ಅಷ್ಟರಲ್ಲಿ ಹಿರೇಕೆರೂರಿನದೇ ಒಂದು ಮದುವೆ ಒದಗಿತು, ಅದೂ ಶಾಕೀರಾಳ ಓಣಿಯ ಹಿಂದಿನ ಬಯಲಿನಲ್ಲಿ. ಜಾಹೀದ ಬೆಳಿಗ್ಗೆಯೇ ಎರಡನೆಯ ಸ್ಕ್ರೀನು, ಕ್ಯಾಮೆರಾದ ರಿಮೋಟು ಒಯ್ದು ಅವಳ ಅಡುಗೆಮನೆಯಲ್ಲಿಟ್ಟ. ಗೋಡೆ ದಾಟುತ್ತದೋ ನೋಡಬೇಕಾಗಿದೆ, ಅಷ್ಟೆ ಎಂದ. ರಫೀಕ ನಗುತ್ತ ಚಹಾ ಕೊಟ್ಟ.

ಡ್ರೋನು ಏರಿತು. ಜಾಹೀದ ಎಡಕ್ಕೆ ಓರೆ ಮಾಡಿದ. ಕ್ಯಾಮೆರಾ ಆಗಲೇ ತಿರುಗಿತ್ತು. ಮದುಮಗನ ಕುದುರೆ, ಹೂವಿನ ಸೆಹರಾ, ಚಪ್ಪರದ ಅಂಚು, ಎಲ್ಲವೂ ಹಿಂದಿನ ಹಾಗೆಯೇ. ಒಂದು ವರ್ಷದಿಂದ ಬಿಗಿದುಕೊಂಡಿದ್ದ ಅವನ ಭುಜಗಳು ಇಳಿದವು. ಅವನು ಸುಖವಾಗಿದ್ದ.

ಆಮೇಲೆ ಕ್ಯಾಮೆರಾ ಮದುಮಗನನ್ನು ಬಿಟ್ಟಿತು. ಮೆಲ್ಲಗೆ ಚಪ್ಪರ ದಾಟಿ, ಬಯಲಿನ ಅಂಚಿಗೆ ಬಂದು, ಅಲ್ಲಿ ಒಬ್ಬನೇ ನಿಂತಿದ್ದವನನ್ನು ಹತ್ತಿರಕ್ಕೆ ಎಳೆದುಕೊಂಡು ನಿಂತಿತು. ಗಡ್ಡ ಅರ್ಧ ನರೆತಿತ್ತು, ಅಂಗಿ ಸೊಟ್ಟಗಿತ್ತು. ಇಷ್ಟು ವರ್ಷಗಳಲ್ಲಿ ಜಾಹೀದ ತನ್ನ ಚಿತ್ರದೊಳಗೆ ತಾನೇ ಬಂದದ್ದು ಅದೇ ಮೊದಲು.

"ಭಾಯಿ, ಅಂಗಿ ಗುಂಡಿ ತಪ್ಪಿಸಿ ಹಾಕ್ಕೊಂಡಿಯಲ್ಲ," ಕಿವಿಯಲ್ಲಿ ಶಾಕೀರಾಳ ದನಿ. "ಯಾರೂ ಹೇಳಲಿಲ್ಲೇನು?"

ಹೇಳಲು ಯಾರಿದ್ದರು. ಎರಡೂ ಕೈ ರಿಮೋಟಿನ ಮೇಲಿದ್ದವು, ಕಣ್ಣು ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಕ್ಯಾಮೆರಾ ಅವನು ಸುಧಾರಿಸಿಕೊಳ್ಳುವಷ್ಟು ಹೊತ್ತು ಕಾದು, ಮತ್ತೆ ಮದುಮಗನ ಕಡೆಗೆ ಹೋಯಿತು.

ಮಧ್ಯಾಹ್ನ ಊಟಕ್ಕೆ ಬಡಿಸಿ ಅವಳೂ ಎದುರಿಗೆ ಕೂತಳು. ಸ್ಕ್ರೀನನ್ನು ಒರೆಸಿ, ಡಬ್ಬಿಯೊಳಗಿಟ್ಟು, ವೈರು ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದಳು. ಚಿತ್ರ ಒಮ್ಮೆಯೂ ಒಡೆಯಲಿಲ್ಲ, ಸೆಟ್ಟು ಚಲೋ ಇದೆ ಎಂದಳು. ಅವನ ತಟ್ಟೆಗೆ ಇನ್ನಷ್ಟು ಸಾರು ಹಾಕುತ್ತ ಹೇಳಿದಳು:

"ಆದ್ರ ನನ್ನ ಸಲುವಾಗಿ ತಗೋಬ್ಯಾಡ ಭಾಯಿ. ನಾ ಇಲ್ಲೇ ಇರಾಕಿ. ಒಂದರದ್ದ ತಗೋ."

ಜಾಹೀದ ಅನ್ನ ಕಲಸುತ್ತಲೇ ಹೂಂ ಅಂದ.

ಮರುದಿನ ಹುಬ್ಬಳ್ಳಿಗೆ ಹೋಗಿ, ಪರೀಕ್ಷೆಗೆ ತಂದದ್ದನ್ನು ಮರಳಿಸಿ, ಒಂದು ಸ್ಕ್ರೀನಿನ ಸೆಟ್ಟು ತಂದ. ಗಾಡಿಯ ಕಿಟಕಿಗಳ ಬಟ್ಟೆ ಬಿಚ್ಚಿ ಒಗೆದು ಮಡಚಿಟ್ಟ. ಒಂಟಿಯಾಗಿ ಹಾರಿಸುವುದೂ ಬರಬರುತ್ತ ಕೈಗೆ ಕೂತಿತು. ತಿಳವಳ್ಳಿ, ಹಾನಗಲ್ಲ ಕಡೆಯಿಂದಲೂ ಕೆಲಸ ಬರುತ್ತಿದೆ. ಈಗ ಡ್ರೋನು ಮೇಲೇಳುವ ಮೊದಲು ಜಾಹೀದ ತಲೆ ತಗ್ಗಿಸಿ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಾನೆ. ಕ್ಯಾಮೆರಾ ಅವನ ಕಡೆ ತಿರುಗುವುದಿಲ್ಲ.