ಕೋಟೆ ಬಾಗಿಲ ಕಿಂಡಿ

ಜರ್ಮನಿಯ ಫ್ರಾಂಕೋನಿಯಾದ ಒಂದು ಊರಿನ ಕೋಟೆ ಬಾಗಿಲನ್ನು ಕಾವಲುಗಾರ ಫೈಟ್ ಇಪ್ಪತ್ತು ವರ್ಷ ಕಾದಿದ್ದ. ತಡವಾಗಿ ಬಂದ ಊರಿನವರು ಟೋಪಿ ತೆಗೆದು, ಬಳ್ಳಿಯ ಮರೆಯ, ಒಬ್ಬರು ನುಸುಳುವಷ್ಟೇ ಅಗಲದ ಕಿಂಡಿಯಲ್ಲಿ ಮೊದಲು ತಲೆ ತೂರಿಸಬೇಕಿತ್ತು. ಫೈಟ್ ಮುಖ ನೋಡಿ ಒಳಗೆ ಬಿಡುತ್ತಿದ್ದ. ಹೊರಗಿನವರಿಗೆ ಕಿಂಡಿಯ ಸುಳಿವೇ ಇರಲಿಲ್ಲ.

ಮುತ್ತಿಗೆಯ ಮೂರನೇ ಬೆಳಿಗ್ಗೆ ಅಲ್ಲಿ ಶತ್ರು ಸೈನಿಕನ ತಲೆ ತೂರಿತು. ಫೈಟ್ ಕೊಡಲಿ ಬೀಸಿ, ಹೆಣವನ್ನು ಕೋಟೆತೋಟದ ಗುಲಾಬಿ ಪಾತಿಗೆ ಎಳೆದುಹಾಕಿದ. ಹಿಂದೆ ಬಂದ ಇಬ್ಬರಿಗೂ ಅದೇ ಗತಿಯಾಯಿತು.

ನಾಲ್ಕನೆಯ ತಲೆಗೆ ಟೋಪಿಯಿರಲಿಲ್ಲ. ಹೆಂಡತಿಯ ತಮ್ಮ ಯೋರ್ಗ್.

"ಹೊಡೀಬೇಡ ಭಾವ."

"ಕಿಂಡಿ ತೋರ್ಸಿದ್ದು ನೀನೇನೋ?"

"ಹೊರಗೆ ಸಿಕ್ಕಿಬಿದ್ದೆ. ಕುತ್ತಿಗೆಗೆ ಕತ್ತಿ ಇಟ್ಟಿದ್ರು."

"ಈ ಕಡೆ ಕೊಡಲಿ ಇರತ್ತೆ ಅಂತ ನಿಂಗೆ ಗೊತ್ತಿತ್ತಲ್ಲ."

ಕೊಡಲಿ ಅವನ ಕುತ್ತಿಗೆಯ ಮೇಲೆ ಬಿತ್ತು.

ಮಧ್ಯಾಹ್ನ ಹೆಂಡತಿ ಆಫ್ರಾ ಕುದಿಯುವ ಗಂಜಿ ತಂದಳು. "ಎಷ್ಟು ಜನ ನುಗ್ಗಿದ್ರು?"

"ಶತ್ರುಗಳು ಮೂರು ಜನ. ಟೋಪಿ ತೆಗೆದು ಬಂದವನು ನಿನ್ನ ತಮ್ಮ."

ಫೈಟ್ ತನ್ನ ಟೋಪಿ ತೆಗೆದು ತಲೆ ಬಾಗಿಸಿದ. ಅವಳು ಗಂಜಿಯ ಮಡಕೆಯನ್ನು ಆ ತಲೆಯ ಮೇಲೆ ಬೋರಲು ಹಾಕಿದಳು.