ಒಳಗೆ ಬಿಟ್ಟ ಬಟ್ಟೆ

ಬೀದಿಯವರೆಲ್ಲ ಅವನನ್ನು ಟೈಲರಣ್ಣ ಎಂದೇ ಕರೆಯುತ್ತಿದ್ದರು. ಐವತ್ತೆರಡು ವರ್ಷ, ಮದುವೆಯ ಗೋಜಿಗೆ ಹೋಗದವನು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಸೊಂಟ ಎಷ್ಟು ಇಂಚು ಎಂದು ಕಣ್ಣಳತೆಯಲ್ಲಿ ಹೇಳಬಲ್ಲವನು. "ಹೊಟ್ಟೆ ಒಳಗೆ ಎಳ್ಕೋಬೇಡಿ ಸಾರ್, ಆಮೇಲೆ ಪ್ಯಾಂಟು ನಿಮ್ಮ ಮಾತು ಕೇಳಲ್ಲ" ಎಂದು ಗದರುತ್ತಲೂ ಇದ್ದ. ಇಂಥವನು ತನ್ನ ಸೊಂಟಕ್ಕೆ ಮಾತ್ರ ಹನ್ನೊಂದು ವರ್ಷದಿಂದ ಟೇಪು ಸುತ್ತಿರಲಿಲ್ಲ. ಹಳೆಯ ಪ್ಯಾಂಟನ್ನೇ ಮಾದರಿಯಿಟ್ಟು ಹೊಸದನ್ನು ಕತ್ತರಿಸುವುದು, ಹಿಂದಿನ ಹೊಲಿಗೆಯ ಒಳಗೆ ಮೂರು ಇಂಚು ಬಟ್ಟೆ ಹೆಚ್ಚಿಗೆ ಬಿಟ್ಟುಕೊಳ್ಳುವುದು, ಬಿಗಿಯಾದಾಗಲೆಲ್ಲ ಬಿಚ್ಚಿ ಅರ್ಧ ಇಂಚು ಸಡಿಲಿಸುವುದು. ಬಟ್ಟೆ ನೀರಿಗೆ ಕುಗ್ಗಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕಸುಬು ಕೈಯಲ್ಲಿದ್ದರೆ ಮನುಷ್ಯ ತನಗೇ ಎಷ್ಟು ಚೆನ್ನಾಗಿ ಮೋಸ ಮಾಡಿಕೊಳ್ಳಬಹುದು ನೋಡಿ!

ಅಂಗಡಿಯ ಹಿಂದಿನ ಎರಡು ಕೋಣೆಯೇ ಮನೆ. ಅಲ್ಲಿ ಅವನ ಅಕ್ಕನ ಆಳ್ವಿಕೆ. ಅವನಿಗೆ ಏಳು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಅಕ್ಕನಿಗೆ ಆಗ ಹದಿನೈದು. ಹೋಗುವ ಮುಂಚೆ ಅಮ್ಮ ಅವಳಿಗೆ ಹೇಳಿದ್ದು ಒಂದೇ ಮಾತು: ಇವನನ್ನು ಸೊರಗಲು ಬಿಡಬೇಡ. ಅಂದಿನಿಂದ ದಿನವೂ ಬೆಳಿಗ್ಗೆ ಒಂದು ಪುಟ್ಟ ಬಟ್ಟಲು ಬೆಣ್ಣೆ, ಮೇಲೆ ಎರಡು ಚಮಚ ಸಕ್ಕರೆ. ಅವನು ಸೂಜಿ ಹಿಡಿದ ಮೇಲೆ ಅದಕ್ಕೆ ಇನ್ನೊಂದು ಕಾರಣವೂ ಸೇರಿತು: ಬೆಣ್ಣೆ ಸಕ್ಕರೆ ಕಣ್ಣಿಗೆ ಒಳ್ಳೆಯದಂತೆ. ಯಾರು ಹೇಳಿದ್ದು ಎಂದರೆ "ಹಿಂದಿನವರು" ಎನ್ನುತ್ತಿದ್ದಳು. ಹಿಂದಿನವರನ್ನು ಕರೆದು ವಿಚಾರಿಸುವುದು ಯಾರಿಂದಾಗುತ್ತದೆ?

ಈಚೆಗೆ ಅವನ ಕಣ್ಣು ಮಂಜಾಗತೊಡಗಿತು. ಏನು ತಿಪ್ಪರಲಾಗ ಹಾಕಿದರೂ ಸೂಜಿಗೆ ದಾರ ಹೋಗುತ್ತಿರಲಿಲ್ಲ. ಅಕ್ಕ ತುಟಿ ಪಿಟಕ್ಕೆನ್ನದೆ, ಕನ್ನಡಕ ಏರಿಸಿಕೊಂಡು, ಅಂಗಡಿ ತೆರೆಯುವ ಮೊದಲೇ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುತ್ತಿದ್ದಳು. ಗಿರಾಕಿಗಳಿಗೆ ಗೊತ್ತಾದರೆ ಅನ್ನಕ್ಕೇ ಕಲ್ಲು. ಬಟ್ಟಲಿಗೆ ಇನ್ನೊಂದು ಚಮಚ ಸಕ್ಕರೆಯೂ ಬಿತ್ತು.

ಅದೇ ವಾರ ಅವನು ತನ್ನ ಪ್ಯಾಂಟು ಸಡಿಲಿಸಲು ಹೊಲಿಗೆ ಬಿಚ್ಚಿದರೆ ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಬಾಗಿಲು ಎಳೆದುಕೊಂಡು ಟೇಪು ಸುತ್ತಿದ: ನಲವತ್ತೆರಡು. ಟೇಪಿನದೇ ತಪ್ಪಿರಬೇಕೆಂದು ಇನ್ನೊಂದರಲ್ಲೂ ಅಳೆದ. ಅದೂ ಅಷ್ಟೇ ಹೇಳಿತು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. "ಸಕ್ಕರೆ ಕಾಯಿಲೆ. ಕಣ್ಣು ಮಂಜಾಗಿರೋದು ಅದಕ್ಕೇ. ಹೀಗೇ ತಿಂತಾ ಹೋದ್ರೆ ಸೂಜಿ ಬಿಡಿ, ಗಿರಾಕಿ ಮುಖಾನೂ ಕಾಣದೆ ಹೋಗ್ಬಹುದು. ಈಗಲೇ ಹತೋಟಿಗೆ ತಂದ್ರೆ ಸರಿಹೋಗೋ ಹಾಗಿದೆ" ಎಂದು ಮಾತ್ರೆ ಬರೆದು, ತರಕಾರಿ, ಕಾಳು, ಸಂಜೆ ನಡಿಗೆ ಎಂದು ಚೀಟಿ ಕೊಟ್ಟರು.

ಮರುದಿನ ಬೆಳಿಗ್ಗೆ ಬಟ್ಟಲು ಬಂತು. ಅವನು ಪಕ್ಕಕ್ಕೆ ಸರಿಸಿದ.

"ಅಕ್ಕಾ, ಇನ್ಮೇಲೆ ಇದು ಬೇಡ. ಕಣ್ಣಿಗೆ ಇದೇ ಕುತ್ತಂತೆ."

"ಅಮ್ಮ ಹೇಳಿ ಹೋಗಿದ್ದು ಕಣೋ!"

"ಅಮ್ಮ ಹೇಳಿದಾಗ ನನ್ನ ಸೊಂಟ ಹತ್ತೊಂಬತ್ತು ಇಂಚು. ಅವತ್ತಿಗೆ ಅದು ಸರಿಯಾಗೇ ಇತ್ತು. ಆ ಅಳತೆಗೆ ಇವತ್ತು ಪ್ಯಾಂಟು ಹೊಲಿದ್ರೆ ಮಂಡಿ ದಾಟುತ್ತಾ?"

ಅಕ್ಕ ನಗಲಿಲ್ಲ. "ಹಾಗಾದ್ರೆ ನಿನ್ನ ಕಣ್ಣು ಹಾಳು ಮಾಡಿದ್ದು ನಾನೇ ಅನ್ನು."

"ನೀನು ಸಾಕದೇ ಇದ್ದಿದ್ರೆ ಹಾಳಾಗೋಕೆ ನಾನೇ ಇರ್ತಿರಲಿಲ್ಲ" ಎಂದ ಅವನು.

ಎರಡು ದಿನ ಅಕ್ಕ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಬೇಯಿಸಿದ ಕಾಳು, ಹೆಚ್ಚಿದ ಸೌತೆಕಾಯಿ ತುಂಬಿದ ತಟ್ಟೆ ತಂದು ಕುಕ್ಕಿದಳು. "ಮೇಯಿ, ದನದ ಹಾಗೆ." ಅವನು ಮೇಯ್ದ. ಮೊದಮೊದಲು ಮೂಗು ಮುರಿದುಕೊಂಡು, ಆಮೇಲಾಮೇಲೆ ನಿಜವಾದ ಹಸಿವಿನಿಂದ. ಸಂಜೆ ನಡೆದು ಬಂದ ಮೇಲೆ ಸೌತೆಕಾಯಿಗೂ ಒಂದು ರುಚಿಯಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ನಾಲ್ಕು ತಿಂಗಳಾಯಿತು. ಪ್ಯಾಂಟನ್ನು ಎರಡೂವರೆ ಇಂಚು ಒಳಗೆ ಹಿಡಿದು ಹೊಲಿಯಬೇಕಾಯಿತು. ಒಂದು ಬೆಳಿಗ್ಗೆ ಅಕ್ಕ ದಾರ ಪೋಣಿಸಲು ಕುಳಿತಾಗ ಅವನು ಸೂಜಿ ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಮೊದಲ ಸಲ ತಪ್ಪಿತು. ಎರಡನೆಯ ಸಲ ದಾರ ಒಳಗೆ ಹೋಯಿತು. ಅಕ್ಕ ನಂಬದೆ ದಾರ ಎಳೆದು ನೋಡಿದಳು; ಅವಳ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು ಒಳಗೆ ಹೋಗಿ ತನ್ನ ನೀಲಿ ರವಿಕೆ ತಂದಳು.

"ಇದನ್ನ ಒಂಚೂರು ಸಡಿಲ ಮಾಡ್ಕೊಡು."

"ಒಳಗೆ ಬಟ್ಟೆ ಇಲ್ಲ ಅಕ್ಕ. ನಿನಗೆ ಹೇಳದೆ ಮೂರು ಸಲ ಬಿಚ್ಚಿದ್ದೀನಿ."

ಅಕ್ಕ ರವಿಕೆಯ ಹೊಲಿಗೆ ತಿರುಗಿಸಿ ನೋಡಿದಳು.

"ಅಲ್ಲಾ, ಇಷ್ಟು ದಿನ ನನ್ನ ಬಟ್ಟಲಿನ ಬೆಣ್ಣೆ ಎಲ್ಲಿ ಹೋಯ್ತು?"

"ತರೋದು ರೂಢಿ ಆಗ್ಬಿಟ್ಟಿತ್ತು. ತಂದಿದ್ದನ್ನ ಎಸೆಯೋಕಾಗುತ್ತಾ?"

ಅವನು ಟೇಪು ತಂದು ಸುತ್ತಿದ. ಅಕ್ಕ ಹೊಟ್ಟೆ ಒಳಗೆ ಎಳೆದುಕೊಂಡಳು. ಅವಳು ಉಸಿರು ಬಿಡುವವರೆಗೂ ಅವನು ಕಾದ.

"ಎಷ್ಟು? ಮೆಲ್ಲಗೆ ಹೇಳು."

ಕಿವಿಯಲ್ಲಿ ಹೇಳಿದ.

"ನಿನ್ನ ಕಣ್ಣು ಇನ್ನೂ ಸರಿಹೋಗಿಲ್ಲ ಬಿಡು" ಎಂದು ಅಕ್ಕ ರವಿಕೆ ಕಿತ್ತುಕೊಂಡು ಒಳಗೆ ಹೋದಳು.

ಸಂಜೆ ಅವನು ನಡೆಯಲು ಹೊರಟಾಗ, ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.