ಕನ್ನಡಿಗೆ ಸಿಗದ ಸಮಮಿತಿ

ಗಂಡ ತೀರಿಕೊಂಡ ಮರುವರ್ಷ ನಾನು ಧಾರವಾಡದಿಂದ ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡೆ. ಧಾರವಾಡದಲ್ಲಿ ಹಾಲಿನವನಿಂದ ಹಿಡಿದು ಬ್ಯಾಂಕಿನವರವರೆಗೆ ಎಲ್ಲರೂ ದನಿ ತಗ್ಗಿಸಿ, "ಹ್ಯಾಂಗದೀರಿ?" ಎಂದು ಕೇಳುತ್ತಿದ್ದರು. ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು. ಹುಬ್ಬಳ್ಳಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಶ್ವಾಪುರದಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ, ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಶಾಲೆ, ಏಳನೆಯ ತರಗತಿಗೆ ಗಣಿತ. ಸಂಜೆ ಬಂದು ಬೀಗ ತೆಗೆದರೆ ಮರುದಿನ ಹಾಜರಿ ಕೂಗುವವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಊಟದ ಹೊತ್ತಿಗೆ ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ಅವರವರ ಜಾಗವಿತ್ತು, ಅವರವರ ಹಳೆಯ ಹರಟೆಯಿತ್ತು. ಯಾರೂ ನನ್ನನ್ನು ಬೇಡವೆನ್ನಲಿಲ್ಲ. ನಾನೇ ಡಬ್ಬಿ ಹಿಡಿದು ಹಿಂದಿನ ಪಡಸಾಲೆಗೆ ಹೋಗುತ್ತಿದ್ದೆ.

ಅದೇ ಪಡಸಾಲೆಯ ಇನ್ನೊಂದು ತುದಿಯಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ಬಿಸಿಯೂಟದ ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದಳು. ರಾಜಸ್ಥಾನದ ಕಡೆಯವಳು. ಅವಳ ಅಪ್ಪ ಹೊಸ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಕೂರಿಸುವವನು. ಎಲ್ಲಿ ಕೆಲಸವೋ ಅಲ್ಲೇ ಶೆಡ್ಡು, ಅಲ್ಲೇ ಸಂಸಾರ. ವರ್ಷದ ನಡುವೆ ಶಾಲೆಗೆ ಸೇರಿದ್ದಳು. ಕನ್ನಡ ಬರುತ್ತಿರಲಿಲ್ಲ. ನಾನು ಹಿಂದಿಯಲ್ಲಿ ಮಾತಾಡಿಸಿದರೂ ತಲೆಯಾಡಿಸಿ ಸುಮ್ಮನಾಗುವಳು. ಉಳಿದ ಹುಡುಗಿಯರು ಮೊದಲೆರಡು ದಿನ ಅವಳನ್ನು ಕರೆದು ಆಮೇಲೆ ಬಿಟ್ಟಿದ್ದರು. ಅವಳು ಆ ತುದಿ, ನಾನು ಈ ತುದಿ. ಹೀಗೆ ಎಷ್ಟೋ ವಾರ ಊಟ ಮಾಡಿದೆವು.

ಸಮಮಿತಿಯ ಪಾಠ ಬಂತು. ಪುಸ್ತಕದಲ್ಲಿ ಚಿಟ್ಟೆ, ಎಲೆ ಇದ್ದವು. ಮಕ್ಕಳು ಅವನ್ನು ಸರಿಯಾಗಿ ನೋಡದೆಯೇ ಒಂದೇ ರಾಗದಲ್ಲಿ ಉತ್ತರ ಹೇಳುತ್ತಿದ್ದರು. ನನಗೆ ಬೇಸರವಾಯಿತು. ಮರುದಿನ ಎಲ್ಲರನ್ನೂ ಪಡಸಾಲೆಗೆ ಕರೆದುಕೊಂಡು ಹೋಗಿ, ಕೈಗೊಂದು ಸೀಮೆಸುಣ್ಣ ಕೊಟ್ಟು, ನಿಮ್ಮ ಮನೆಯ ಮುಂದಿನ ರಂಗೋಲಿಯನ್ನು ನೆಲದ ಕಲ್ಲಿನ ಮೇಲೆ ಬರೆಯಿರಿ ಎಂದೆ.

"ನಮ್ಮನ್ಯಾಗ ರಂಗೋಲಿ ಹಾಕೂದಿಲ್ರಿ ಟೀಚರ್," ಎಂದಳು ಒಬ್ಬಳು.

"ಮೆಹಂದಿ ಹಾಕ್ಕೋತೀರಿಲ್ಲ? ಅದನ್ನ ಬರಿ. ಕಿಡಕಿ ಜಾಳಿಗಿ ಬರಿ. ಚಾದರದ ಅಂಚು ಬರಿ. ಯಾವುದಾದ್ರೂ ನಡೀತೈತಿ."

ಅರ್ಧ ತಾಸಿನಲ್ಲಿ ಪಡಸಾಲೆ ತುಂಬಿಹೋಯಿತು. ದುರ್ಗದಬೈಲಿನ ಪೇಟೆಯಿಂದ ಪುಟ್ಟ ಕನ್ನಡಿಗಳನ್ನು ತಂದಿದ್ದೆ. ಚಿತ್ರದ ನಟ್ಟನಡುವೆ ಕನ್ನಡಿ ನಿಲ್ಲಿಸಬೇಕು. ಕನ್ನಡಿಯೊಳಗಿನ ಅರ್ಧ ಹೊರಗಿನ ಅರ್ಧಕ್ಕೆ ಕೂಡಿ ಚಿತ್ರ ಮೊದಲಿನಂತೆಯೇ ಕಂಡರೆ ಅದೇ ಸಮಮಿತಿಯ ರೇಖೆ. ಮಕ್ಕಳು ಮೊಣಕಾಲೂರಿ, ಕೆನ್ನೆ ನೆಲಕ್ಕೆ ಹಚ್ಚಿ ಕನ್ನಡಿಯೊಳಗೆ ಇಣುಕಿದರು. "ಇಲ್ಲೂ ಬಂತು! ಓರೆ ಇಟ್ರೂ ಬಂತ್ರಿ!" ಎಂದು ಕೂಗಾಡಿದರು. ಬಹಳ ದಿನಗಳ ಮೇಲೆ ನಾನು ನಕ್ಕೆ.

ಆ ಹುಡುಗಿ ತನ್ನ ಮೂಲೆಯಲ್ಲಿ ಬೇರೆಯದೇ ಬರೆದಿದ್ದಳು. ನಡುವೆ ಚಿಕ್ಕದೊಂದು ಚೌಕ, ಅದರ ನಾಲ್ಕೂ ಬದಿಗೆ ಒಂದರ ಬಾಲ ಇನ್ನೊಂದು ಹಿಡಿದಂತೆ ನಾಲ್ಕು ಉದ್ದನೆಯ ಆಯತಗಳು. ಗಾಳಿಗೆ ತಿರುಗುವ ಕಾಗದದ ಗಿರಗಿಟ್ಟೆಯ ಹಾಗೆ. ಕನ್ನಡಿ ಹಿಡಿದ ಹುಡುಗಿಯೊಬ್ಬಳು ಅಡ್ಡ ಇಟ್ಟಳು, ಉದ್ದ ಇಟ್ಟಳು, ಮೂಲೆಯಿಂದ ಮೂಲೆಗೆ ಇಟ್ಟಳು. ಎಲ್ಲೂ ಹೊಂದಲಿಲ್ಲ.

"ಇಕೀದು ತಪ್ಪೈತ್ರಿ ಟೀಚರ್. ಸಮಮಿತಿನ ಇಲ್ಲ."

ನಾನು ಬಾಯಿ ತೆರೆಯುವುದರೊಳಗೆ ಆ ಹುಡುಗಿ ಎದ್ದು, ಕನ್ನಡಿ ಹಿಡಿದವಳ ಕೈ ಹಿಡಿದುಕೊಂಡಳು. ಅವಳು ಯಾರನ್ನಾದರೂ ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಇಧರ್ ಸೇ ದೇಖ್," ಎಂದು ಚಿತ್ರದ ಒಂದು ಬದಿಗೆ ನಿಲ್ಲಿಸಿದಳು. ಆಮೇಲೆ ಪಕ್ಕದ ಬದಿಗೆ ಕರೆದೊಯ್ದಳು. ಆಮೇಲೆ ಅದರಾಚೆಯ ಬದಿಗೆ. ಎಲ್ಲಿ ನಿಂತು ನೋಡಿದರೂ ಅದೇ ಚಿತ್ರ.

"ಹೌದಲ್ಲ! ತಿರುಗಿದ್ರ ಹಂಗ ಐತ್ರಿ!"

ಇಡೀ ತರಗತಿ ಆ ಚಿತ್ರದ ಸುತ್ತ ಸುತ್ತಿತು. ಕನ್ನಡಿಯಲ್ಲಿ ಸಿಗುವುದೊಂದು ಸಮಮಿತಿ, ತಿರುಗಿದರೆ ಸಿಗುವುದು ಇನ್ನೊಂದು ಎಂದು ನಾನು ಹೇಳಿಕೊಟ್ಟೆ. ಹುಡುಗಿ ಗೋಡೆಗೆ ಒರಗಿ ನಿಂತು, ತುಟಿ ಬಿಗಿಹಿಡಿದು, ನಗು ತಡೆಯುತ್ತಿದ್ದಳು.

ಮರುದಿನ ಊಟಕ್ಕೆ ಅವಳು ಪಡಸಾಲೆಯ ನಡುವಿಗೆ ಬಂದಳು. ಇನ್ನೊಂದು ವಾರಕ್ಕೆ ನನ್ನ ಪಕ್ಕದಲ್ಲಿದ್ದಳು. ಮಾತು ಅಂಥದೇನೂ ಇರಲಿಲ್ಲ. ನಾನು ಶೇಂಗಾ ಚಟ್ನಿ ಬಡಿಸುತ್ತಿದ್ದೆ, ಅವಳು ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೈ ತೊಳೆದು ಬಂದು ನಾನೊಂದು ಗೆರೆ ಎಳೆದರೆ ಅವಳೊಂದು ಎಳೆಯುವಳು. ಗಂಟೆ ಹೊಡೆಯುವವರೆಗೆ ಹಾಗೇ. ಒಮ್ಮೊಮ್ಮೆ ಉಳಿದ ಹುಡುಗಿಯರು ಅವಳನ್ನು ಆಟಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಹೋಗಲಿ ಎಂದು ಸಂತೋಷವಾಗುತ್ತಿತ್ತು. ಒಳಗೊಳಗೇ ಸ್ವಲ್ಪ ಸಂಕಟವೂ ಆಗುತ್ತಿತ್ತು.

ಒಂದು ಸೋಮವಾರ ಅವಳ ಅಪ್ಪ ಬಂದ. ಕೂದಲಿಗೆಲ್ಲ ಸಿಮೆಂಟಿನ ಧೂಳು. ಇಲ್ಲಿಯ ಕೆಲಸ ಮುಗಿಯಿತು, ಗೋವಾಕ್ಕೆ ಹೊರಟಿದ್ದೇವೆ ಎಂದ. ಪರೀಕ್ಷೆಯವರೆಗಾದರೂ ಬಿಟ್ಟು ಹೋಗಿ ಎಂದೆ. "ಯಾರ ಹತ್ತಿರ ಬಿಡಲಿ ಮ್ಯಾಡಮ್?" ಎಂದು ಅವನು ಹಿಂದಿಯಲ್ಲಿ ಕೇಳಿದ. ನನ್ನ ಹತ್ತಿರ ಎಂಬ ಮಾತು ಗಂಟಲವರೆಗೆ ಬಂತು. ಯಾವ ಹಕ್ಕಿನಿಂದ ಅನ್ನಲಿ? ಬೇಕಾಗಬಹುದು ಎಂದು ನನ್ನ ಫೋನ್ ನಂಬರು ಬರೆದುಕೊಟ್ಟೆ. ಹುಡುಗಿ ಅವನ ಅಂಗಿಯ ತುದಿ ಹಿಡಿದು ಗೇಟು ದಾಟಿದಳು.

ಪಾಠ ಮುಂದಿನದಕ್ಕೆ ಹೋಯಿತು. ಮಳೆಯ ಎರಚಲಿಗೆ ಪಡಸಾಲೆಯ ಗೆರೆಗಳೆಲ್ಲ ಅಳಿದವು. ನಾನು ಶಿಕ್ಷಕರ ಕೋಣೆಯಲ್ಲೇ ಊಟ ಮಾಡತೊಡಗಿದೆ. ಬದಿಯ ಕುರ್ಚಿಯವರು ಜರುಗಿ ಜಾಗ ಕೊಟ್ಟರು, ತಮ್ಮ ಮಾತು ಮುಂದುವರಿಸಿದರು.

ಒಂದು ಭಾನುವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅವಳ ಅಪ್ಪ. ಶಾಲೆಗೆ ಸೇರಿಸಿದಿರಾ ಎಂದು ಮೊದಲು ಕೇಳಿದೆ. "ಕರೇಂಗೇ ಮ್ಯಾಡಮ್, ಕರೇಂಗೇ," ಸೇರಿಸುತ್ತೇವೆ ಎಂದು ಹೇಳಿ ಫೋನನ್ನು ಮಗಳ ಕೈಗೆ ಕೊಟ್ಟ. ಆ ಕಡೆ ಕಲ್ಲು ಕತ್ತರಿಸುವ ಯಂತ್ರದ ಸದ್ದು. ಅವಳು ಉಸಿರಾಡುವುದು ಕೇಳಿಸುತ್ತಿತ್ತು.

ಆಮೇಲೆ ಅವಳು ಒಂದೊಂದೇ ಅಕ್ಷರ ಜೋಡಿಸಿದಂತೆ, ಅಚ್ಚ ಹುಬ್ಬಳ್ಳಿಯ ಹುಡುಗಿಯರ ರಾಗದಲ್ಲಿ ಕೇಳಿದಳು:

"ಟೀಚರ್... ಊಟ ಆತೇನ್ರಿ?"

"ಆತವಾ," ಎಂದೆ. "ನಿಂದು?"

"ಆತ್ರಿ."

ಅಲ್ಲಿಗೆ ಫೋನ್ ಕಡಿದುಹೋಯಿತು. ತಿರುಗಿ ಹಚ್ಚಿದರೆ ಹತ್ತಲಿಲ್ಲ. ಎದ್ದು ಒಲೆ ಹಚ್ಚಿ ಅನ್ನಕ್ಕಿಟ್ಟೆ.